ಲಟ್ಟಣಿಗೆ ಮೇಡಂ ಮತ್ತು ತಾಪಿಯ ಜೆಟ್ ಬೋಟು

ಅವರ ಬಲಗಿವಿಯ ಮುಂದೆ, ಕೆನ್ನೆಯ ಮೂಳೆ ಶುರುವಾಗುವ ಜಾಗದಲ್ಲಿ, ಎಂಟಾಣೆ ಅಗಲದ ಒಂದು ಕಪ್ಪು ಗುಂಡು ಗುರುತು ಯಾವಾಗಲೂ ಇರುತ್ತಿತ್ತು. ನೋಡಿದವರು ದೃಷ್ಟಿಬೊಟ್ಟು ಅಂದುಕೊಳ್ಳುತ್ತಿದ್ದರು. ಅರವತ್ತು ದಾಟಿದ, ದಪ್ಪ ಕನ್ನಡಕದ, ಇಳಕಲ್ ಸೀರೆಯ ಹೆಂಗಸಿಗೆ ಯಾರಪ್ಪ ದೃಷ್ಟಿ ಹಾಕುತ್ತಾರೆ ಎಂದು ನಾನೂ ಮೊದಮೊದಲು ಒಳಗೊಳಗೇ ನಕ್ಕಿದ್ದೆ. ಅದು ಬೊಟ್ಟಲ್ಲ, ಗ್ರೀಸು. ಓಡುವ ಎಂಜಿನ್ನಿನ ಮೈಗೆ ಲಟ್ಟಣಿಗೆಯ ಒಂದು ತುದಿ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರಲ್ಲ, ಆ ಲಟ್ಟಣಿಗೆಯ ಗುರುತು ಅದು. ಸೋಪು, ಸೀಗೆಕಾಯಿ, ಸೀಮೆಎಣ್ಣೆ ಯಾವುದಕ್ಕೂ ಜಗ್ಗಿರಲಿಲ್ಲ. ಹೋಗಲಿ ಅಂತ ಅವರಿಗೂ ಇರಲಿಲ್ಲ ಅನ್ನಿ.

ನಾನು ಮಂಡ್ಯದ ಕಡೆಯವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು. ಮೆಕ್ಯಾನಿಕಲ್ ಓದಿ, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿಗೆ ಯಂತ್ರಗಳ ದುರಸ್ತಿ ನೋಡಿಕೊಳ್ಳಲು ಸೇರಿದ್ದೆ. ಒಂದು ಮಳೆಗಾಲದ ಸಂಜೆ ಮಿಲ್ಲಿನಿಂದ ಬರುವಾಗ ರಸ್ತೆ ನಡುವೆ ನನ್ನ ಸ್ಕೂಟಿ ನಿಂತಿತು. ಶುರುವಾಗುತ್ತದೆ, ನಾಲ್ಕು ಮಾರು ಹೋಗುತ್ತದೆ, ಸಾಯುತ್ತದೆ. ತಲೆ ಕೆಟ್ಟು, "ಥೂ, ನಿನ್ ಮನೆ ಹಾಳಾಗ!" ಎಂದು ಅದಕ್ಕೊಂದು ಒದ್ದೆ.

"ಯಾಕ ಒದೀತಿ ಅದನ್ನ? ಕನ್ನಡ ತಿಳೀತೈತೇನ ಅದಕ್ಕ?" ಎಂದು ಹಿಂದಿನಿಂದ ಒಂದು ದೊಡ್ಡ ದನಿ ಬಂತು. ತಿರುಗಿದರೆ ಇವರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತರಕಾರಿ ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ ಲಟ್ಟಣಿಗೆ. ಕೊಡೆಯನ್ನು ನನ್ನ ಕೈಗೆ ತುರುಕಿದರು. ಸ್ಕೂಟಿಯನ್ನು ಶುರು ಮಾಡಿಸಿದರು. ಲಟ್ಟಣಿಗೆಯನ್ನು ಎಂಜಿನ್ನಿಗೆ ಒತ್ತಿ, ಕಿವಿ ಆನಿಸಿ, ಅದು ಸಾಯುವ ತನಕ ಕೇಳಿದರು. ಹೋಗುತ್ತಿದ್ದ ಆಟೋದವರೆಲ್ಲ ನಿಂತು ನೋಡುತ್ತಿದ್ದರು. ನನಗೋ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಇದಕ್ಕ ರೋಗ ಇಲ್ಲ, ಹಸಿವು. ಪೆಟ್ರೋಲ್ ಇಳಿಯಾಕತ್ತಿಲ್ಲ. ಟ್ಯಾಂಕಿನ ಮುಚ್ಚಳಕ್ಕ ಏನ್ ಕಟ್ಟೀ?"

ಮಳೆ ನೀರು ಹೋಗಬಾರದೆಂದು ನಾನು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಬಿಗಿದು ದಾರ ಸುತ್ತಿದ್ದೆ. ಟ್ಯಾಂಕಿಗೆ ಉಸಿರಾಡಲು ಅಲ್ಲೊಂದು ಸಣ್ಣ ತೂತು ಇರುತ್ತದೆ. ಪ್ಲಾಸ್ಟಿಕ್ ಕಿತ್ತರು, ಸ್ಕೂಟಿ ಹೊರಟಿತು. ನಾನು ಮರ್ಯಾದೆ ಉಳಿಸಿಕೊಳ್ಳಲು, "ನಾನೂ ಮೆಕ್ಯಾನಿಕಲ್ ಇಂಜಿನಿಯರೇ ಮೇಡಂ" ಅಂದೆ.

"ಗೊತ್ತಾತು. ಅದಕ್ಕ ಒದ್ದೀ," ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅಲ್ಲಿಂದ ನಮ್ಮಿಬ್ಬರ ಸಂಬಂಧ ಶುರು.

ಅವರು ಧಾರವಾಡದವರು. ಗಂಡನಿಗೆ ಕೊಯಾಲಿಯ ತೈಲ ಕಾರ್ಖಾನೆಯಲ್ಲಿ ಕೆಲಸವಾದಾಗ ಮದುವೆಯಾದ ಹೊಸದರಲ್ಲೇ ಗುಜರಾತಿಗೆ ಬಂದು, ವಡೋದರಾದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಂಜಿನ್ ಪಾಠ ಹೇಳಿಕೊಂಡು ಇದ್ದವರು. ನಿವೃತ್ತಿಯಾಗಿ, ಗಂಡನೂ ತೀರಿಕೊಂಡ ಮೇಲೆ, ವಡೋದರಾದಲ್ಲೇ ಇದ್ದ ಮಗಳ ಮನೆಯಲ್ಲಿ ಹಾಯಾಗಿ ಕೂರುವುದು ಬಿಟ್ಟು ಸೂರತ್ತಿಗೆ ಬಂದಿದ್ದರು. ಹಳೆಯ ಶಿಷ್ಯನೊಬ್ಬ ಪಾಂಡೇಸರಾದಲ್ಲಿದ್ದ ತನ್ನ ಖಾಲಿ ಶೆಡ್ಡನ್ನು ಬಿಟ್ಟುಕೊಟ್ಟಿದ್ದ. ಅಲ್ಲಿ ಅವರು ಬೋಟು ಕಟ್ಟುತ್ತಿದ್ದರು. ಅದೂ ಜೆಟ್ ಬೋಟು!

ಯಾಕೆ ಎಂದು ಕೇಳಿದರೆ ಮಾತ್ರ ಅವರ ನಗು ನಿಲ್ಲುತ್ತಿತ್ತು. ವಡೋದರಾದಲ್ಲಿ ಒಮ್ಮೆ ನೆರೆ ಬಂದಾಗ, ಕೊರಳುದ್ದ ನೀರಲ್ಲಿ ನಿಂತಿದ್ದ ಅವರ ಮನೆಯ ಹಾಲಿನವನನ್ನು ಎತ್ತಿಕೊಳ್ಳಲು ಮೋಟಾರ್ ದೋಣಿಯೊಂದು ಹತ್ತಿರ ಹೋಗಿತ್ತು. ದೋಣಿಯ ಹಿಂದೆ ನೀರೊಳಗೆ ತಿರುಗುವ ರೆಕ್ಕೆ ಅವನ ಕಾಲನ್ನು ಸೀಳಿಹಾಕಿತು. ಇವರು ಮಹಡಿಯ ಮೇಲಿಂದ ಕಣ್ಣಾರೆ ನೋಡಿದ್ದರು. "ಉಳಸಾಕ ಬಂದ ದೋಣಿನ ಕಾಲು ತಗೊಂಡು ಹೋತು ನೋಡು. ನೀರಾಗ ಮನಶ್ಯಾ ಅದಾನ ಅಂದ್ರ ಹೊರಗ ರೆಕ್ಕಿ ಇರಬಾರದು," ಅನ್ನುತ್ತಿದ್ದರು.

ಜೆಟ್ ಬೋಟಿಗೆ ಹೊರಗೆ ರೆಕ್ಕೆ ಇರುವುದಿಲ್ಲ. ಬೋಟಿನ ಹೊಟ್ಟೆಯಡಿ ಜಾಲರಿ ಹಾಕಿದ ಒಂದು ಬಾಯಿ. ಅಲ್ಲಿಂದ ಒಳಗಿನ ಪಂಪು ನೀರು ಹೀರಿ ಹಿಂದಿನ ಕೊಳವೆಯಿಂದ ರಭಸವಾಗಿ ಉಗಿಯುತ್ತದೆ, ಆ ರಭಸಕ್ಕೆ ಬೋಟು ಮುಂದಕ್ಕೆ ಹೋಗುತ್ತದೆ. ಎಂಜಿನ್ನನ್ನು ತಂಪಾಗಿಡುವ ನೀರೂ ಅದೇ ಪಂಪಿನಿಂದಲೇ ಬರಬೇಕು. ಮೇಡಂ ಪಂಪಿನ ಮೇಲ್ಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಎತ್ತರಕ್ಕೆ, ತೋಳು ಇಳಿಯುವಷ್ಟು ಒಂದು ಮುಚ್ಚಳ ಇಟ್ಟಿದ್ದರು. "ಕೈಬಾಗಿಲು" ಅಂತ ಅವರೇ ಅದಕ್ಕೆ ಹೆಸರಿಟ್ಟಿದ್ದರು. ತೂಕ ಜಾಸ್ತಿ, ಸುಮ್ಮನೆ ಖರ್ಚು ಎಂದು ಶಿಷ್ಯ ಗೊಣಗಿದರೆ, "ಗಟಾರಕ್ಕೂ ಒಂದು ಮುಚ್ಚಳಾ ಇಡ್ತಾರಲೇ, ನನ್ನ ಪಂಪಿಗೆ ಬ್ಯಾಡೇನು?" ಎಂದು ಅವನ ಬಾಯಿ ಮುಚ್ಚಿಸಿದ್ದರು.

ನಾನು ಮಿಲ್ಲಿನ ಕೆಲಸ ಬಿಟ್ಟು ಅವರ ಜೊತೆ ಸೇರಿದೆ. ಮನೆಯಲ್ಲಿ ಗೊತ್ತಾದಾಗ ನಮ್ಮಪ್ಪ ಫೋನಿನಲ್ಲೇ ಮಂಗಳಾರತಿ ಎತ್ತಿದರು. ಏನು ಮಾಡಲಿ, ಆ ಹೆಂಗಸಿನ ಹತ್ತಿರ ಕಲಿಯುವುದು ಅಷ್ಟಿತ್ತು. ಜಂಬದ ಕೋಳಿ ಅಂದರೆ ಜಂಬದ ಕೋಳಿ, ಅದರಲ್ಲಿ ಎರಡು ಮಾತಿಲ್ಲ. "ಈ ಊರಾಗ ನನ್ನಂಥಾಕಿ ಇನ್ನೊಬ್ಬಾಕಿ ಇದ್ರ ತೋರ್ಸು" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ತಿಂದ ಅನ್ನ ಕರಗುತ್ತಿರಲಿಲ್ಲ. ಲಟ್ಟಣಿಗೆ ಅಡುಗೆಮನೆಗೆ ಬೇಡವೇ ಎಂದರೆ, "ನಾವು ರೊಟ್ಟಿ ಬಡಿಯೋ ಮಂದಿ, ಲಟ್ಟಿಸೋ ಮಂದಿ ಅಲ್ಲ. ಅದಕ್ಕ ಅಲ್ಲೇನು ಕೆಲಸ?" ಅನ್ನುತ್ತಿದ್ದರು.

ಅವರಿಗೆ ಇನ್ನೊಂದು ವಿಚಿತ್ರ ಪದ್ಧತಿ ಇತ್ತು. ನೀರಿನ ಮೇಲೆ ಎಂಜಿನ್ ನಿಂತರೆ ಮೊದಲು ಲಂಗರು ಇಳಿಸಬೇಕು. ಆಮೇಲೆ, ಸ್ಪ್ಯಾನರ್ ಮುಟ್ಟುವ ಮುಂಚೆ, ಬೋಟಿನಲ್ಲಿ ಇರುವವರಿಗೆಲ್ಲ ತಿನ್ನಲು ಕೊಡಬೇಕು. ಅದಕ್ಕೆಂದೇ ಸೀಟಿನ ಕೆಳಗೆ ಶೇಂಗಾ ಉಂಡಿಯ ಡಬ್ಬಿ ಇಟ್ಟಿರುತ್ತಿದ್ದರು. ನಾನು ಮೊದಲ ಸಲ ಇದನ್ನು ನೋಡಿದಾಗ, "ಏನ್ ಮೇಡಂ, ಇದೇನ್ ಪಿಕ್‌ನಿಕ್ಕಾ?" ಎಂದು ರೇಗಿದ್ದೆ.

"ಹೆದರಿದ ಮಂದಿ ಒದರ್ತಾರ. ಒದರಿದ್ರ ನನಗ ಎಂಜಿನ್ ಸಪ್ಳ ಕೇಳಸಂಗಿಲ್ಲ. ಬಾಯಾಗ ಉಂಡಿ ಇದ್ರ ಯಾರೂ ಒದರಂಗಿಲ್ಲ, ತಿಳೀತಿಲ್ಲೋ?"

ಹೀಗೆ ವರ್ಷ ಕಳೆಯುವಷ್ಟರಲ್ಲಿ ಬೋಟು ಸಿದ್ಧವಾಯಿತು. ಕೊಳ್ಳುವವರು ಮಾತ್ರ ಇರಲಿಲ್ಲ. ಶೆಡ್ಡನ್ನು ದೀಪಾವಳಿಯ ಹೊತ್ತಿಗೆ ಬಿಟ್ಟುಕೊಡಬೇಕು ಎಂದು ಶಿಷ್ಯ ತಲೆ ತಗ್ಗಿಸಿಕೊಂಡು ಹೇಳಿದ, ಅವನಿಗೂ ಅವನ ತಾಪತ್ರಯ. ಆ ಹೊತ್ತಿಗೆ ಸೂರತ್ತಿನ ಬಟ್ಟೆ ವ್ಯಾಪಾರಿಗಳು ಕೆಲವರು ಸೇರಿಕೊಂಡು, ಊರಿಗೆ ನೆರೆ ಬಂದರೆ ಬೇಕಾಗುತ್ತದೆಂದು ಬೋಟುಗಳನ್ನು ಕೊಳ್ಳುವ ಯೋಚನೆಯಲ್ಲಿದ್ದರು. ಅವರ ಹಿರಿಯರು ಒಬ್ಬ ಮಿಲ್ ಮಾಲೀಕ ಶೇಠರು. ಅವರು ಒಪ್ಪಿದರೆ ಹಲವು ಬೋಟು ಕಟ್ಟುವ ಕೆಲಸ, ಒಪ್ಪದಿದ್ದರೆ ಶೆಡ್ಡಿಗೆ ಬೀಗ. ರೆಕ್ಕೆಯ ಮೋಟಾರ್ ಮಾರುವವರು ಆಗಲೇ ಶೇಠರ ಕಚೇರಿಗೆ ಎರಡು ಸಲ ಹೋಗಿ ಬಂದಿದ್ದರು.

ಶೇಠರು ಪರೀಕ್ಷೆಗೆ ದಿನ ಗೊತ್ತುಮಾಡಿದ್ದು ಆಷಾಢದಲ್ಲಿ, ತಾಪಿ ನದಿಯ ಹುಟ್ಟುಹಬ್ಬದ ದಿನ. ಆ ದಿನ ಸೂರತ್ತಿನವರು ನದಿತಾಯಿಗೆ ಚುಂದಡಿ ಉಡಿಸುತ್ತಾರೆ. ಅಂದರೆ ನೂರಾರು ಸೀರೆಗಳನ್ನು ಒಂದಕ್ಕೊಂದು ಹೊಲಿದು, ಈ ದಡದಿಂದ ಆ ದಡಕ್ಕೆ ದೋಣಿಯಲ್ಲಿ ಒಯ್ದು, ಇಡೀ ನದಿಗೆ ಹೊದಿಸುವುದು. ಶೇಠರ ತಾಯಿಗೆ ಆ ಹರಕೆ ಇತ್ತು. ಮನೆಮಂದಿಯೆಲ್ಲ ಅವರನ್ನು "ಬಾ" ಎನ್ನುತ್ತಿದ್ದರು, ಗುಜರಾತಿಯಲ್ಲಿ ಬಾ ಅಂದರೆ ತಾಯಿ. ಎಂಬತ್ತರ ಆ ಹಣ್ಣು ಮುದುಕಿ ಸೀರೆಗಳನ್ನೆಲ್ಲ ಸ್ವತಃ ಕೈಯಲ್ಲೇ ಹೊಲಿದಿದ್ದರು. ಆದರೆ ಆ ವರ್ಷ ನದಿ ತುಂಬಿ, ಕೆಳಗೆ ನದಿಗೆ ಅಡ್ಡ ಕಟ್ಟಿದ ತಗ್ಗು ಸೇತುವೆ, ಕಾಸ್‌ವೇ, ಅದರ ಮೇಲಿಂದ ನೀರು ಧುಮುಕುತ್ತಿತ್ತು. ದೋಣಿಯವರು ಹುಟ್ಟು ಮುಟ್ಟಲು ಒಪ್ಪಿರಲಿಲ್ಲ.

ಶೇಠರು ಮೇಡಮ್ಮನ್ನು ಗುಜರಾತಿಯಲ್ಲಿ ಅಕ್ಕ ಎಂದು ಕರೆದು ಕೇಳಿದರು: "ಬೇನ್, ನಿಮ್ಮ ಬೋಟಿಗೆ ಹೊರಗೆ ರೆಕ್ಕೆ ಇಲ್ಲ, ಏನೂ ಸಿಕ್ಕಿಕೊಳ್ಳುವುದಿಲ್ಲ ಅಂತ ನೀವೇ ಅಲ್ಲವೇ ಹೇಳಿದ್ದು? ಹಾಗಾದರೆ ಬಾ ಅವರ ಚುಂದಡಿ ನಿಮ್ಮ ಬೋಟಿನಲ್ಲೇ ಹೋಗಲಿ. ಪರೀಕ್ಷೆಯೂ ಆಯಿತು, ಪುಣ್ಯವೂ ಆಯಿತು."

ಊರೆಲ್ಲ ಕೊಚ್ಚಿಕೊಂಡ ಜಂಬ ಬಂದು ಕೊರಳಿಗೇ ಬಿತ್ತು. ರೆಕ್ಕೆ ಇಲ್ಲ, ನಿಜ. ಆದರೆ ಹೀರುವ ಬಾಯಿ ಇದೆಯಲ್ಲ! ಮೇಡಂ ಆಗಲಿ ಅಂದರು. ಷರತ್ತು ಮಾತ್ರ ಹಾಕಿದರು: ಬಟ್ಟೆ ಮಡಿಕೆ ಮಡಿಕೆಯಾಗಿ ಬೋಟಿನ ಮುಂದಿನ ಮೂತಿಯ ಕಡೆಯಿಂದಲೇ ಬಿಚ್ಚಿಕೊಳ್ಳಬೇಕು, ದಡದವರು ಬಿಗಿಯಾಗಿ ಹಿಡಿದಿರಬೇಕು, ಬೋಟಿನ ಹತ್ತಿರ ನೀರಿಗೆ ಸೋಕಬಾರದು. ಎಲ್ಲರೂ ತಲೆಯಾಡಿಸಿದರು. ಬಾ ಕೂಡ ಆಡಿಸಿದರು.

ಹೊರಟಾಗ ಬೋಟಿನಲ್ಲಿ ಇದ್ದದ್ದು ನಾವು ನಾಲ್ವರೇ. ನಡೆಸುವವಳು ನಾನು, ಎಂಜಿನ್ ಪಕ್ಕ ಮೇಡಂ, ಎದುರಿಗೆ ಶೇಠರು ಮತ್ತು ಬಾ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದಾಗ ಬಾ, "ಈ ವಯಸ್ಸಲ್ಲಿ ಇದೇನು ಹೊಸ ರವಿಕೆ!" ಎಂದು ನಾಚಿಕೊಂಡರು. ದಡದ ಘಾಟಿನ ಕಲ್ಲುಕಂಬಕ್ಕೆ ಚುಂದಡಿಯ ಒಂದು ತುದಿ ಕಟ್ಟಿ, ಶೇಠರ ಮಿಲ್ಲಿನವರು ಅದನ್ನು ಬಿಗಿಯಾಗಿ ಹಿಡಿದು ನಿಂತರು, ಉಳಿದ ಬಟ್ಟೆಯ ಗಂಟು ಬೋಟಿನಲ್ಲಿತ್ತು. ಡೋಲು ಬಡಿಯುತ್ತಿತ್ತು. ಕೆಂಪು ಹಸಿರು ಸೀರೆಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತಿದ್ದವು. ನನ್ನ ಎದೆಯಲ್ಲೂ ಡೋಲೇ. ಬೋಟು ಮಾತ್ರ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿತ್ತು.

ನಡುನೀರಿಗೆ ಬಂದೆವು. ಬಾ ಅವರಿಗೆ ತಡೆಯಲಾಗಲಿಲ್ಲ. ಸೀರೆ ಗಾಳಿಯಲ್ಲಿ ಹೋದರೆ ಹರಕೆ ಹೇಗೆ ಸಂದೀತು, ತಾಯಿಯ ಮೈಗೆ ತಾಗಬೇಡವೇ? ಮೂತಿಯ ಹತ್ತಿರ ಮಡಿಸಿಟ್ಟಿದ್ದ ಗಂಟಿನಿಂದ ಒಂದು ತೆಕ್ಕೆ ಬಟ್ಟೆ ತೆಗೆದು, ಕಣ್ಣಿಗೊತ್ತಿಕೊಂಡು, ಪಕ್ಕದಿಂದ ನೀರಿಗೆ ಬಿಟ್ಟೇಬಿಟ್ಟರು.

ಎಂಜಿನ್ನಿನ ದನಿ ಒಮ್ಮೆಲೇ ಏರಿ ಕಿರುಚಿತು. ಬೋಟು ಮಾತ್ರ ಮುಂದೆ ಹೋಗದು. ನಾನು ಏನಾಯಿತೆಂದು ನೋಡುವಷ್ಟರಲ್ಲಿ ಶಾಖದ ಮುಳ್ಳು ಕೆಂಪಿಗೆ ಹಾರಿತು, ಮೇಡಂ "ಬಂದ್ ಮಾಡು!" ಎಂದು ಕೂಗಿದರು, ನಾನು ಕೈ ಇಡುವ ಮೊದಲೇ ಎಂಜಿನ್ ಗಕ್ಕೆಂದು ನಿಂತಿತು. ಆಗ ಕೇಳಿಸಿದ್ದು ಕಾಸ್‌ವೇಯ ಸದ್ದು. ಅಷ್ಟು ಹೊತ್ತೂ ಎಂಜಿನ್ನಿನ ಸದ್ದಿನಲ್ಲಿ ಅದು ಮುಚ್ಚಿಹೋಗಿತ್ತು. ಬೋಟು ಅಡ್ಡಡ್ಡವಾಗಿ ಅದರ ಕಡೆಗೇ ಜಾರತೊಡಗಿತು.

"ಲಂಗರು!" ಅಂದರು ಮೇಡಂ. ಎಸೆದೆ. ಕೆಳಗೆ ಬರೀ ಕೆಸರು. ಲಂಗರು ನೇಗಿಲಿನ ಹಾಗೆ ಉಳುತ್ತಾ ನಮ್ಮ ಹಿಂದೆಯೇ ಬಂತು. ಅಷ್ಟರಲ್ಲಿ ಬೋಟು ಒಂದು ಸಲ ಜಗ್ಗಿ ನಿಂತಿತು. ಹೊಟ್ಟೆಯೊಳಗೆ ಹೀರಿಕೊಂಡಿದ್ದ ಚುಂದಡಿಯ ಇನ್ನೊಂದು ತುದಿ ಘಾಟಿನ ಕಲ್ಲುಕಂಬದಲ್ಲಿತ್ತಲ್ಲ, ಅದು ಹಗ್ಗದಂತೆ ಬಿಗಿದುಕೊಂಡಿತ್ತು! ಲಂಗರು ಒಂದೇ ಆದರೆ ಜಾರುತ್ತಿತ್ತು, ಸೀರೆ ಒಂದೇ ಆದರೆ ಹರಿಯುತ್ತಿತ್ತು. ಎರಡೂ ಸೇರಿ ನಮ್ಮನ್ನು ಹಿಡಿದವು. ದಡದವರು ಎಳೆಯಲು ಶುರು ಮಾಡಿದರು, ಎಲ್ಲೋ ಪರ್ರೆಂದಿತು. ಮೇಡಂ ಎದ್ದು ನಿಂತು, ಎರಡೂ ಕೈ ಎತ್ತಿ, ಡಿಪ್ಲೊಮಾ ಹುಡುಗರ ಕೊನೇ ಬೆಂಚಿಗೆ ಕೇಳುತ್ತಿದ್ದ ಆ ದನಿಯಲ್ಲಿ, ಎಳೆಯಬೇಡಿ, ಸುಮ್ಮನೆ ಹಿಡಿದಿರಿ ಎಂದು ಗುಜರಾತಿಯಲ್ಲಿ ಕೂಗಿದರು. ಅಲ್ಲಿನ ಡೋಲು ಸಹಿತ ನಿಂತಿತು.

ಆಮೇಲೆ ಸೀಟಿನ ಕೆಳಗಿಂದ ಡಬ್ಬಿ ತೆಗೆದು ಎಲ್ಲರ ಮುಂದೆ ಹಿಡಿದರು.

"ಬೇನ್!" ಎಂದು ಶೇಠರು ಕಣ್ಣು ಕಣ್ಣು ಬಿಟ್ಟರು. ಬಾ ಮಾತ್ರ ಉಂಡಿಯನ್ನು ಕೈಯಲ್ಲಿ ಹಿಡಿದು, ನನಗಿವತ್ತು ಉಪವಾಸ, ಇದರಲ್ಲಿ ಉಪ್ಪು ಇದೆಯೇ, ಗೋಧಿ ಇದೆಯೇ ಎಂದು ವಿಚಾರಿಸಿದರು. ಬರೀ ಶೇಂಗಾ, ಬೆಲ್ಲ ಎಂದಾಗ, ಹಾಗಾದರೆ ನಡೆಯುತ್ತದೆ ಎಂದು ಬಾಯಿಗಿಟ್ಟರು. ಅದನ್ನು ನೋಡಿ ಶೇಠರೂ ಅಗಿಯತೊಡಗಿದರು. ಬೋಟಿನಲ್ಲಿ ಸದ್ದಡಗಿತು.

ಮೇಡಂ ಎಂಜಿನ್ನಿಗೆ ಲಟ್ಟಣಿಗೆ ಒತ್ತಿ ನನ್ನ ಕಡೆ ನೋಡಿದರು. ನಾನು ಚಾವಿ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ. "ಬ್ಯಾಟರಿ ಚಲೋ ಐತಿ. ಒಳಗ ಕಬ್ಬಿಣ ಮುರದ ಸಪ್ಳಿಲ್ಲ," ಎಂದು ಪಂಪಿಗೆ ಹೋಗುವ ಸರಳಿನ ಜೋಡಣೆಗೆ ಸ್ಪ್ಯಾನರ್ ಹಾಕಿ ಮುಂದಕ್ಕೆ ತಿರುಗಿಸಿ ನೋಡಿದರು. ಅಲ್ಲಾಡಲಿಲ್ಲ. ಹಿಂದಕ್ಕೆ ತಿರುಗಿಸಿದರು. ಒಂದು ಗೇಣು ಬಂದು, ಬಿಟ್ಟ ಕೂಡಲೇ ತಿರುಗಿ ವಾಪಸ್ಸು ಹೋಯಿತು.

"ನೋಡಿದೇನು? ಕಬ್ಬಿಣ ಕಚ್ಚಿದ್ರ ಹಿಂದಕ್ಕೂ ಬರಂಗಿಲ್ಲ. ಇದು ಸ್ಪ್ರಿಂಗಿನಂಗ ಆಡಾಕತ್ತೈತಿ. ಬಟ್ಟಿ ಸುತ್ತೈತಿ. ಎಂಜಿನ್ ಸತ್ತಿಲ್ಲ ಹುಡುಗಿ, ಯಾರೋ ಕುತ್ತಿಗಿ ಹಿಸುಕ್ಯಾರ, ಅಷ್ಟ."

ನಾನು ಚಾಕು ತೆಗೆದೆ. "ಕತ್ತರಿಸ್ಬುಡ್ತೀನಿ ಮೇಡಂ, ಎರಡು ನಿಮಿಷದ ಕೆಲಸ."

"ಕಾಪ್ವಾನು ನಹಿ!" ಎಂದರು ಬಾ. ಕತ್ತರಿಸುವ ಹಾಗಿಲ್ಲ! ಕಣ್ಣಲ್ಲಿ ನೀರು. ಒಂದು ಎಳೆ ಕಡಿದರೂ ಹರಕೆ ಕಡಿದಂತೆ. ದಡದಿಂದ ದಡಕ್ಕೆ ಅಖಂಡವಾಗಿ ಹೋಗಬೇಕು.

ನನ್ನ ತಲೆ ಸುಟ್ಟಿತು. "ಪ್ರಾಣ ಹೋಗ್ತಾ ಇದೆ, ಇವರಿಗೆ ಸೀರೆ ಚಿಂತೆ! ಮಾಡಿದ್ದೆಲ್ಲಾ ಇವರೇ!" ಎಂದು ಕನ್ನಡದಲ್ಲಿ ಕೂಗಾಡಿದೆ.

"ನೀನೂ ಒಂದು ಉಂಡಿ ತಿನ್ನು," ಅಂದರು ಮೇಡಂ. "ಆಕಿ ಹೇಳೋದು ಖರೆ ಐತಿ. ಕೊಯ್ದ್ರ ತುಂಡು ಒಳಗ ಉಳೀತಾವ. ಮತ್ತ, ನಮ್ಮನ್ನ ಹಿಡದದ್ದು ಯಾವುದು? ಆ ಸೀರಿನ. ಅದನ್ನ ಕೊಯ್ದು ಎಲ್ಲಿಗೆ ಹೋಗಾಕಿ? ಮೊದಲ ಹೊರಗ ಕಟ್ಟು, ಆಮ್ಯಾಲೆ ಒಳಗ ಬಿಡಸೂಣು."

ಕೊಕ್ಕೆಯ ಕೋಲಿನಿಂದ ನೀರಿನಡಿ ಬಿಗಿದಿದ್ದ ಬಟ್ಟೆಯನ್ನು ಎಳೆದುಕೊಂಡು, ಬೋಟಿನ ಮೂತಿಯ ಗೂಟಕ್ಕೆ ಸುತ್ತಿ ಕಟ್ಟಿದೆವು. ಶೇಠರು ಪಂಚೆ ಎತ್ತಿ ಕಟ್ಟಿ ಕೈ ಹಾಕಿದರು. ಈಗ ಭಾರವೆಲ್ಲ ಗೂಟದ ಮೇಲೆ, ಒಳಗಿನ ಸುತ್ತು ಸಡಿಲ. ಮೇಡಂ ಕೈಬಾಗಿಲು ತೆಗೆದು, ಗಾಜಿನ ಬಳೆಗಳನ್ನು ಮೊಣಕೈಗೆ ಏರಿಸಿ, ಭುಜದ ತನಕ ತೋಳು ಇಳಿಸಿದರು. ನಾನು ಸ್ಪ್ಯಾನರ್ ಹಿಡಿದು ಸರಳನ್ನು ಹಿಂದಕ್ಕೆ ತಿರುಗಿಸುವುದು, ಅವರು ಬಿಡಿಸಿಕೊಂಡಷ್ಟು ಎಳೆಯುವುದು. "ತಿರುಗ್ಸು. ನಿಂದ್ರು. ಇನ್ನೊಂದೀಟು. ನಿಂದ್ರು." ಕೆಂಪು ಸೀರೆ ಗ್ರೀಸು ಮೆತ್ತಿಕೊಂಡು ಮೇಲೆ ಬರುತ್ತಿತ್ತು. ಬಾ ಅದನ್ನು ತೊಡೆಯ ಮೇಲೆ ಮಡಿಸಿಡುತ್ತಿದ್ದರು. ಎರಡು ಬಳೆ ಒಡೆದವು, ತೋಳಲ್ಲಿ ರಕ್ತ. "ಅಯ್ಯ, ಬಳಿ ಹೋದ್ರ ಬಳಿ ಸಿಗತಾವ," ಅಂದರು. ಕೊನೆಯ ಸುತ್ತು ಬಿಟ್ಟುಕೊಂಡಾಗ ಸರಳು ಸ್ಪ್ಯಾನರಿನಡಿ ಹಗುರಾಗಿ ತಿರುಗಿತು. ನನಗೆ ಕುಣಿಯುವಷ್ಟು ಖುಷಿ. ಚಾವಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ! ಒಳಗ ಕೆಂಡ ಐತಿ. ಈಗ ಶುರು ಮಾಡಿದ್ರ ಪಿಸ್ಟನ್ ಹಿಡಕೊಂತಾವ, ಕಾಸ್‌ವೇ ದಾಟಿ ಸಮುದ್ರಕ್ಕ ಹೋಗೂದು."

ಶೇಠರು ಬಕೆಟ್ಟಿನಲ್ಲಿ ನದಿ ನೀರು ಮೊಗೆದು ಎಂಜಿನ್ ಮೇಲೆ ಸುರಿಯಲು ಬಂದರು. ಮೇಡಂ ಅವರ ಕೈಯನ್ನೇ ಹಿಡಿದು ನಿಲ್ಲಿಸಿದರು. ಕಾದ ಮಣ್ಣಿನ ಹಂಚಿಗೆ ತಣ್ಣೀರು ಹೊಯ್ದರೆ ಏನಾಗುತ್ತದೆ ಎಂದು ಬಾ ಅವರನ್ನು ಕೇಳಿದರು. ಸೀಳುತ್ತದೆ ಎಂದರು ಬಾ. ಶೇಠರು ತೆಪ್ಪಗೆ ಬಕೆಟ್ಟು ಕೆಳಗಿಟ್ಟರು.

ಕಾಯುವುದೇ ಕಷ್ಟವಾಯಿತು. ಕೈಗೆ ಕೆಲಸವಿಲ್ಲ, ಕಿವಿ ತುಂಬ ಕಾಸ್‌ವೇ. ಮೂತಿಯಿಂದ ಎರಡು ಮಾರು ದೂರದಲ್ಲಿ, ಎರಡು ಸೀರೆ ಸೇರಿದ ಜಾಗದಲ್ಲಿ, ಬಟ್ಟೆಯ ಅಂಚು ಪಿಸಿಯುತ್ತಾ ಬಂದಿತ್ತು. ಹೊಲಿಗೆ ಬಿಟ್ಟರೆ ಕಥೆ ಮುಗಿಯಿತು. ನಾನು ಅದನ್ನೇ ದಿಟ್ಟಿಸುತ್ತಿದ್ದುದು ಬಾ ಅವರಿಗೆ ಕಂಡಿತು. "ನೋಡಬೇಡ ಮಗಳೇ," ಅಂದರು. "ಬಟ್ಟೆ ಹರಿದೀತು, ನನ್ನ ಹೊಲಿಗೆ ಬಿಡುವುದಿಲ್ಲ. ನದಿಗೆ ಉಡಿಸುವ ಸೀರೆ ಅಂತ ಎರಡೆರಡು ಸಲ ಹೊಲಿದಿದ್ದೇನೆ." ಇವರಿಗೂ ನಮ್ಮ ಮೇಡಮ್ಮನಷ್ಟೇ ಜಂಬ ಎಂದು ಆ ಭಯದಲ್ಲೂ ನಗು ಬಂತು.

ಮೇಡಂ ಬೆರಳು ಅದ್ದಿ ಎಂಜಿನ್ನಿನ ಮೇಲೆ ನೀರು ಚಿಮುಕಿಸಿದರು, ರೊಟ್ಟಿ ಹಂಚು ಕಾದಿದೆಯೇ ನೋಡುವ ಹಾಗೆ. ಹನಿ ಚುಂಯ್ ಎಂದು ಜಿಗಿದು ಮಾಯವಾಯಿತು. ಕಾದರು. ಮತ್ತೆ ಚಿಮುಕಿಸಿದರು. ಜಿಗಿಯಲಿಲ್ಲ, ಆದರೆ ಕುದಿಯಿತು. ಮತ್ತೆ ಕಾದರು. ಬೋಟು ಒಮ್ಮೆ ಜಗ್ಗಿದಾಗಲೂ ತಲೆ ಎತ್ತಲಿಲ್ಲ. ಕೊನೆಗೊಮ್ಮೆ ಹನಿ ಎಂಜಿನ್ನಿನ ಮೇಲೆ ಸುಮ್ಮನೆ ಕೂತು, ನಿಧಾನವಾಗಿ ಆರಿತು.

"ಈಗ ರೊಟ್ಟಿ ಹಾಕು," ಅಂದರು.

ಚಾವಿ ತಿರುಗಿಸಿದೆ. ಒಂದು ಸಲ ಕೆಮ್ಮಿತು. ಎರಡನೇ ಸಲ ಹೊಗೆ ಉಗುಳಿತು. ಮೂರನೆಯದಕ್ಕೆ ಹಿಡಿದುಕೊಂಡಿತು ನೋಡಿ! ಮೇಡಂ ಲಟ್ಟಣಿಗೆಗೆ ಕಿವಿ ಆನಿಸಿ ಕಣ್ಣು ಮುಚ್ಚಿದರು. ಶೇಠರು, ಬಾ, ನಾನು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು. ಕಣ್ಣು ತೆರೆದು, ಬಾಯ್ತುಂಬ ನಕ್ಕು, "ಚಲೋ ಐತಿ. ಹೋಗು," ಅಂದರು.

ಹೋದೆ. ತಾಪಿಯ ಸೆಳವಿಗೆ ಎದೆಗೊಟ್ಟು ಬೋಟು ಮೇಲಕ್ಕೆ ಏರಿತು. ಲಂಗರು ಕೆಸರು ಬಿಟ್ಟು ಬಂತು, ಗೂಟದ ಗಂಟು ಬಿಚ್ಚಿದೆವು, ಘಾಟಿನಲ್ಲಿ ಡೋಲು ಮತ್ತೆ ಸಿಡಿಯಿತು. ಈ ಸಲ ಬಟ್ಟೆಯನ್ನು ಮೂತಿಯಿಂದಲೇ, ಬಿಗಿಯಾಗಿ ಬಿಟ್ಟವರು ಸ್ವತಃ ಬಾ. ಬೋಟು ಮುಂದೆ ಹೋದಂತೆ ನಮ್ಮ ಹಿಂದೆ, ಬೋಟಿನಿಂದ ದೂರದಲ್ಲಿ, ಸೀರೆಗಳು ತಾವಾಗಿಯೇ ನೀರಿಗೆ ತಾಗಿ ಹರಡಿಕೊಂಡವು. ಆಚೆ ದಡದಲ್ಲಿ ತುದಿ ಕಟ್ಟಿದಾಗ ನದಿಗೆ ಅಡ್ಡಲಾಗಿ ಚುಂದಡಿ ಮಲಗಿತ್ತು, ನಡುವೆ ಒಂದು ಕಡೆ ಮೊಳದಷ್ಟು ಗ್ರೀಸಿನ ಕಪ್ಪು. ಬಾ ಅದನ್ನು ನೋಡಿ, ತಾಯಿಗೆ ಕಾಡಿಗೆ ಹಚ್ಚಿದಂತಾಯಿತು ಅಂದರು.

ದಡದಲ್ಲಿ ಕಾದಿದ್ದ ವ್ಯಾಪಾರಿಗಳಲ್ಲಿ ಒಬ್ಬರು ಮುಖ ಸಿಂಡರಿಸಿಕೊಂಡು, "ಶೇಠ್‌ಜಿ, ಮೊದಲನೇ ದಿನವೇ ಕೆಟ್ಟು ನಿಂತಿತಲ್ಲ" ಅಂದರು. ಶೇಠರ ಮೈಯೆಲ್ಲ ಕೆಸರು, ಗಡ್ಡದಲ್ಲಿ ಶೇಂಗಾ ಪುಡಿ. "ಕೆಡದ ಯಂತ್ರ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ," ಅಂದರು. "ನನ್ನ ಮಿಲ್ಲಿಗೂ ಒಂದು ತರೋಣ. ಬೇರೆಯವರು ಓಡುವ ಬೋಟು ತೋರಿಸಿ ಹೋದರು. ಈ ಬೇನ್ ಕೆಟ್ಟ ಬೋಟನ್ನು ನಡುನೀರಿನಲ್ಲಿ ಓಡಿಸಿ ತೋರಿಸಿದರು. ನನ್ನ ತಾಯಿಯನ್ನು ಕೂರಿಸಿಕೊಂಡು. ನನಗೆ ಇದೇ ಬೇಕು." ಬಾ ಪಕ್ಕದಿಂದ, ಪ್ರತಿ ಬೋಟಿನಲ್ಲೂ ಉಂಡಿ ಡಬ್ಬಿ ಇರಬೇಕು ಎಂದು ಸೇರಿಸಿದರು.

ಮೇಡಂ ನನ್ನ ಭುಜ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಕ್ಕರಿಸಿ, ಒದ್ದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ಈ ಊರಾಗ ನನ್ನಂಥಾಕಿ..." ಎಂದು ಶುರು ಮಾಡಿದರು. "ಇನ್ನೊಬ್ಳಿಲ್ಲ ಬಿಡಿ ಮೇಡಂ, ಒಪ್ಕೊಂಡೆ," ಅಂದೆ. ಒಪ್ಪಿಯೇ ಹೇಳಿದೆ.

ದೀಪಾವಳಿಗೆ ಶೆಡ್ಡು ಬಿಡಲಿಲ್ಲ, ಹೊಸ ಬಣ್ಣ ಬಳಿಸಿದೆವು. ಒಂದರ ಹಿಂದೊಂದು ಬೋಟು ಕಟ್ಟಿದೆವು, ಎಲ್ಲದಕ್ಕೂ ಕೈಬಾಗಿಲು, ಬಾಯಿಗೆ ಇನ್ನೂ ಸಣ್ಣ ಕಣ್ಣಿನ ಜಾಲರಿ. ಮೂರ್ನಾಲ್ಕು ವರ್ಷಕ್ಕೆ ಮೇಡಮ್ಮನ ಹೃದಯವೇ ತೊಂದರೆ ಕೊಡಲು ಶುರು ಮಾಡಿತು. ಮಗಳು ಬಂದು ವಡೋದರಾಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ಲಟ್ಟಣಿಗೆಯನ್ನು ನನ್ನ ಕೈಗೆ ಕೊಟ್ಟು, "ಚಪಾತಿ ಮಾಡಿಗೀಡೀ, ಹುಷಾರು" ಅಂದರು.

ಮುಂದೊಂದು ಮಳೆಗಾಲ ಸೂರತ್ತು ಮುಳುಗಿತು. ಆ ನೆರೆ ಇಳಿದು, ಊರು ಕೆಸರು ತೊಳೆದುಕೊಳ್ಳುತ್ತಿದ್ದಾಗಲೇ ಮೇಡಂ ತೀರಿಕೊಂಡರು. ನಾನು ವಡೋದರಾ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಪಸ್ಸು ಬಂದು ಶೆಡ್ಡಿನ ಮೂಲೆಯಲ್ಲಿ ಕೂತು ಮಗುವಿನ ಹಾಗೆ ಅತ್ತೆ. ನನಗೆ ಒಂದು ಕೆಲಸವನ್ನು, ಒಂದು ಧೈರ್ಯವನ್ನು ಕೊಟ್ಟು ಹೋದವರು ಅವರು. ಹೆತ್ತವರ ಋಣದ ಹಾಗೆ ಅದೂ ತೀರುವಂಥದ್ದಲ್ಲ.

ಆದರೆ ಅವರನ್ನು ನೆನೆದಾಗ ನನಗೆ ಆ ಅಳು ನೆನಪಾಗುವುದಿಲ್ಲ. ನೆರೆಯ ಮೊದಲನೇ ಬೆಳಗ್ಗೆ ನೆನಪಾಗುತ್ತದೆ. ರಸ್ತೆಗಳೆಲ್ಲ ಹೊಳೆಯಾಗಿದ್ದವು. ನಾನು ಮೊದಲನೇ ಬೋಟಿನ ಎಂಜಿನ್ ಶುರು ಮಾಡಿದಾಗ ವಡೋದರಾದಿಂದ ಫೋನು ಬಂತು. ಆಸ್ಪತ್ರೆಯ ಹಾಸಿಗೆಯಿಂದ. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಗುರುತೇ ಹತ್ತಲಿಲ್ಲ.

"ಮಾತು ಬ್ಯಾಡ. ಸಪ್ಳ ಕೇಳಸು."

ಲಟ್ಟಣಿಗೆಯ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಗೆ ಮೊಬೈಲು ಆನಿಸಿ ಹಿಡಿದೆ. ಬಹಳ ಹೊತ್ತು ಹಿಡಿದೆ. ಆಮೇಲೆ ಕಿವಿಗಿಟ್ಟುಕೊಂಡೆ.

"ಚಲೋ ಐತಿ," ಅಂದರು. "ಹೋಗು, ಮಂದಿ ಕಾಯಾಕತ್ತಾರ."

ಹೋದೆ. ಕತ್ತಲಾಗುವ ತನಕ ಆ ಬೋಟುಗಳು ಗಲ್ಲಿ ಗಲ್ಲಿಯಲ್ಲಿ ಓಡಾಡಿದವು. ಜನ ನೀರಿನಲ್ಲಿ ಈಜಿಕೊಂಡು ಬಂದು, ನಾಲ್ಕೂ ಕಡೆಯಿಂದ ಬೋಟಿಗೆ ಜೋತುಬಿದ್ದರು, ಕಾಲುಗಳನ್ನೆಲ್ಲ ನೀರೊಳಗೆ ಬಿಟ್ಟುಕೊಂಡು. ಒಬ್ಬರ ಕಾಲಿಗೂ ಒಂದು ಗೀರು ಬೀಳಲಿಲ್ಲ.